ಎಮ್ಮೆ ಎಡವಿದ ಗೆರೆ

ಎಪ್ಪತ್ತನಾಲ್ಕನೆಯ ಪುಟಕ್ಕೆ ಬಂದಾಗ ಸಂಧ್ಯಾಳ ಕೈ ನಿಂತುಬಿಟ್ಟಿತು. ಅವಳು ತಿರುವಿಹಾಕುತ್ತಿದ್ದದ್ದು ಲ್ಯಾಬಿನ ಜೊತೆಗಾರ ಭಾನುಪ್ರಕಾಶನ ಪಿಎಚ್‌ಡಿ ಥೀಸಿಸ್ಸು. ಕೆಂಪು ರಟ್ಟು, ಚಿನ್ನದ ಬಣ್ಣದ ಅಕ್ಷರ, ಇನ್ನೂ ಹೋಗದ ಗೋಂದಿನ ವಾಸನೆ. ಮುಂದಿನ ತಿಂಗಳು ತನ್ನದನ್ನೂ ಹೀಗೇ ಕಟ್ಟಿಸಿ ಕೊಡಬೇಕಲ್ಲ, ಅಂಚು ಎಷ್ಟು ಬಿಟ್ಟಿದ್ದಾನೆ ನೋಡೋಣವೆಂದು ಲ್ಯಾಬಿನ ಬೀರುವಿನಿಂದ ತೆಗೆದುಕೊಂಡಿದ್ದಳು. ಪುಟದ ಮೇಲರ್ಧದಲ್ಲಿ ಒಂದು ಗ್ರಾಫು: ಕುಣಿಗಲ್ಲಿನ ರಾಗಿ ಹೊಲದಲ್ಲಿ ಮಣ್ಣಿನ ತೇವ, ಹೋದ ವರ್ಷದ ಜೂನ್‌ನಿಂದ ನವೆಂಬರ್‌ವರೆಗೆ. ನೀಲಿ ಗೆರೆ ಮಳೆಗೆ ಏರಿ, ಬಿಸಿಲಿಗೆ ಇಳಿದು, ಮತ್ತೆ ಏರಿ, ಆಗಸ್ಟ್ ಮುಗಿಯುವ ಹೊತ್ತಿಗೆ ಥಟ್ಟನೆ ತಳಕ್ಕೆ ಬಿದ್ದು, ಒಂದೆರಡು ದಿನ ಅಲ್ಲೇ ಬಿದ್ದಿದ್ದು, ಅಷ್ಟೇ ಥಟ್ಟನೆ ಮೇಲೆದ್ದಿತ್ತು.

ಆ ಬಿದ್ದ ಜಾಗ ಅವಳಿಗೆ ತನ್ನ ಕೆನ್ನೆಯ ಮಚ್ಚೆಯಷ್ಟು ಗೊತ್ತು. ಅದು ಮಳೆಯದಲ್ಲ, ಬಿಸಿಲಿನದಲ್ಲ, ಎಮ್ಮೆಯದು. ಗುಬ್ಬಿ ಹತ್ತಿರ ಅವಳ ಸೋದರಮಾವ ಪುಟ್ಟರಂಗಯ್ಯನ ತೆಂಗಿನ ತೋಟದಲ್ಲಿ ಅವಳು ಹೂತಿದ್ದ, ತೇವ ಅಳೆಯುವ ಸೆನ್ಸರಿನ ವೈರಿಗೆ ಎಮ್ಮೆಯ ಕಾಲು ಸಿಕ್ಕಿ, ಸೆನ್ಸರು ಮಣ್ಣಿನಿಂದ ಕಿತ್ತುಬಂದಿತ್ತು. ಗಾಳಿಯಲ್ಲಿ ಬಿದ್ದುಕೊಂಡ ಸೆನ್ಸರು ತೇವ ಇಲ್ಲ, ತೇವ ಇಲ್ಲ ಎಂದು ಬರೆದುಕೊಳ್ಳುತ್ತ ಹೋಗಿತ್ತು. ಅಷ್ಟನ್ನು ಅಳಿಸಿಬಿಡಲೇ ಎಂದು ಕೇಳಿದ್ದಕ್ಕೆ ಗೈಡ್ ಷಡಕ್ಷರಿ ಸರ್, "ಅಳಿಸಬಾರದಮ್ಮ. ಏನಾಯ್ತು ಅಂತ ಕೆಳಗೊಂದು ಸಾಲು ಬರಿ" ಎಂದಿದ್ದರು. ಲ್ಯಾಬಿನಲ್ಲಿ ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಇದೇ ಭಾನುಪ್ರಕಾಶ.

ಗುಬ್ಬಿಯ ಎಮ್ಮೆ ಕುಣಿಗಲ್ಲಿಗೆ ಹೋಗಿ ಅಲ್ಲಿಯ ರಾಗಿ ಹೊಲದ ವೈರನ್ನೂ ಕಿತ್ತೀತೆ? ಅದೂ ಅದೇ ದಿನ?

"ಕದ್ದವ್ನೆ!" ಎಂದು ಬಾಯಿಂದ ಬಂದೇಬಿಟ್ಟಿತು.

ಕಿಟಕಿ ಪಕ್ಕದ ಮೇಜಿನಲ್ಲಿದ್ದ ಚನ್ನೇಶ ತಲೆಯೆತ್ತಿದ. ಅವನೂ ಷಡಕ್ಷರಿ ಸರ್ ಕೈಕೆಳಗೇ ಸಂಶೋಧನೆ ಮಾಡುವವನು. ಲ್ಯಾಬಿನ ಏಸಿ ಎಷ್ಟರಲ್ಲಿಡಬೇಕೆಂಬ ಜಗಳದಲ್ಲಿ ಭಾನುವಿನ ಜೊತೆ ಮಾತು ಬಿಟ್ಟು, ಈಚೆಗಷ್ಟೇ ಮತ್ತೆ ಶುರುಮಾಡಿದ್ದ. "ಯಾರೇ ಕದ್ದಿದ್ದು? ಏನು?" ಎಂದ.

"ಪೆನ್ನು" ಎಂದಳು ಸಂಧ್ಯಾ, ಥೀಸಿಸ್ಸನ್ನು ಮುಚ್ಚುತ್ತ.

ಇದೇನು ತಮಾಷೆಯ ಮಾತೆ? ಭಾನುವಿನ ಥೀಸಿಸ್ಸು ಆಗಲೇ ವಿಶ್ವವಿದ್ಯಾಲಯಕ್ಕೆ ಹೋಗಿ ಕೂತಿದೆ. ಬರುವ ಗುರುವಾರ ಅವನ ವೈವಾ, ಕೊನೆಯ ಮೌಖಿಕ ಪರೀಕ್ಷೆ. ಒಂದು ತಿಂಗಳಾದ ಮೇಲೆ ಇವಳು ಇದೇ ಗೆರೆಯನ್ನು ಹಿಡಿದುಕೊಂಡು ಹೋದರೆ, ನೋಡಿದವರು ಏನನ್ನುತ್ತಾರೆ? ಮೊದಲು ಅಚ್ಚಾದದ್ದು ಅವನದು, ಆಮೇಲೆ ಬಂದವಳು ಕಳ್ಳಿ. ನಾಲ್ಕು ವರ್ಷ ತೋಟದ ಕೆಸರಿನಲ್ಲಿ ಓಡಾಡಿದ್ದು, ಅಮ್ಮನನ್ನು ಬಟವಾಡಿ ಬಡಾವಣೆಯ ಬಾಡಿಗೆ ಮನೆಯಲ್ಲಿ ಇಟ್ಟುಕೊಂಡು ಫೆಲೋಶಿಪ್ಪಿನಲ್ಲಿ ಹೇಗೋ ತಳ್ಳಿದ್ದು, ಎಲ್ಲ ಒಂದು ನೀಲಿ ಗೆರೆಯಲ್ಲಿ ಮುಗಿದುಹೋಗುತ್ತದೆ.

ಗುಮಾನಿಗೆ ಒಂದು ಬಾಗಿಲು ತೆಗೆದರೆ ಸಾಕು, ಹಳೆಯದೆಲ್ಲ ಸಾಲಾಗಿ ಒಳಗೆ ಬರುತ್ತದೆ. ಮಳೆಗಾಲದಲ್ಲಿ ಅವನ ಸೆನ್ಸರಿನ ಬ್ಯಾಟರಿ ಕೈಕೊಡುತ್ತಿದೆ ಎಂದು ಗೊಣಗುತ್ತಿದ್ದನಲ್ಲ, ಅಂಕಿಗಳೇ ಸಿಕ್ಕಿರಲಿಕ್ಕಿಲ್ಲ. "ನಿನ್ನ ಫೈಲು ಹೆಂಗಿದೆ ತೋರ್ಸೇ" ಎಂದು ಒಂದು ದಿನ ಅವಳ ಪಕ್ಕ ಬಂದು ಕೂತಿದ್ದನಲ್ಲ. ಗ್ರಾಫು ಮಾಡುವ ಸ್ಕ್ರಿಪ್ಟನ್ನು, ತಾನೇ ಬರೆದ ಆ ಪುಟ್ಟ ಪ್ರೋಗ್ರಾಮನ್ನು, ಕೇಳದೆಯೇ ತಂದುಕೊಟ್ಟಿದ್ದನಲ್ಲ. ಆಗ ಒಳ್ಳೆಯ ಹುಡುಗ ಎಂದುಕೊಂಡಿದ್ದಳು. ಒಳ್ಳೆಯವರು ಹಾಗೆ ಪುಕ್ಕಟೆ ಕೊಡುತ್ತಾರೆಯೆ?

ಆ ಸ್ಕ್ರಿಪ್ಟಿನ ಬಗ್ಗೆ ಭಾನುವಿಗೆ ಬಲು ಜಂಬ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಮಾಡಿದ ಗ್ರಾಫನ್ನು ಫೋಟೋದಂತೆ ಥೀಸಿಸ್ಸಿಗೆ ಅಂಟಿಸುವುದೆಂದರೆ ಅವನಿಗೆ ಮೈಮೇಲೆ ಹುಳ ಹರಿದ ಹಾಗೆ. "ದೊಡ್ಡದು ಮಾಡಿದ್ರೆ ಅಕ್ಷರ ಮಸುಕಾಗುತ್ತೆ, ಅಕ್ಕಪಕ್ಕದ ಅಕ್ಷರಕ್ಕೂ ಅದಕ್ಕೂ ಹೊಂದಿಕೆ ಇರಲ್ಲ, ಥೂ!" ಎನ್ನುತ್ತಿದ್ದ. ಅವನ ಸ್ಕ್ರಿಪ್ಟು ಗ್ರಾಫನ್ನು, ಥೀಸಿಸ್ಸಿನ ಪುಟ ಜೋಡಿಸುವ ಲೇಟೆಕ್ ಎಂಬ ತಂತ್ರಾಂಶಕ್ಕೆ ಅರ್ಥವಾಗುವ ಸಾಲುಗಳಾಗಿ ಬರೆದು, ಅಂಕಿಗಳನ್ನು ಬೇರೊಂದು ಫೈಲಿನಲ್ಲಿ ಇಡುತ್ತಿತ್ತು. ಥೀಸಿಸ್ಸನ್ನು ಕಂಪೈಲ್ ಮಾಡಿ ಪುಟಗಳಾಗಿಸಿದಾಗಲೆಲ್ಲ ಲೇಟೆಕ್ ಆ ಫೈಲಿಗೆ ಹೋಗಿ, ಅಂಕಿಗಳನ್ನು ಓದಿ, ಗೆರೆಯನ್ನು ಹೊಸದಾಗಿ ಎಳೆಯುತ್ತಿತ್ತು. ಲ್ಯಾಬಿನ ಮೂವರ ಕೆಲಸವೂ ಷಡಕ್ಷರಿ ಸರ್ ಪ್ರಾಜೆಕ್ಟಿನಲ್ಲಿ ತಂದ ಒಂದೇ ದೊಡ್ಡ ಕಂಪ್ಯೂಟರಿನಲ್ಲಿ. ಒಬ್ಬರ ಫೋಲ್ಡರು ಇನ್ನೊಬ್ಬರಿಗೆ ಬಾಗಿಲು ತೆಗೆದಿಟ್ಟ ಮನೆ. ನಮ್ಮ ನಮ್ಮಲ್ಲೇ ಬೀಗ ಯಾಕೆ ಎಂದವನೂ ಭಾನುವೇ. ಈಗ ಅರ್ಥವಾಯಿತು ಯಾಕೆಂದು!

ಗೈಡ್ ಮನಸ್ಸಿನಲ್ಲಿ ಏನಿದೆ ತಿಳಿಯೋಣವೆಂದು ಅವರ ರೂಮಿಗೆ ಹೋದಳು. ಷಡಕ್ಷರಿ ಸರ್ ವಿಭೂತಿ ಹಣೆಯ ದೊಡ್ಡ ಮನುಷ್ಯ. ಕಂಪ್ಯೂಟರಿನ ಮುಂದೆ ಕಡಲೆಬೀಜ ತಿನ್ನುತ್ತಿದ್ದರು.

"ಸರ್, ಭಾನು ಥೀಸಿಸ್ಸಲ್ಲಿ ಗ್ರಾಫುಗಳು... ನೀವು ನೋಡಿದೀರಾ?"

"ನೋಡ್ದೆ ಇರ್ತೀನೇನಮ್ಮ? ಫಸ್ಟ್ ಕ್ಲಾಸಾಗಿದಾವೆ. ನೀನೂ ಅದನ್ನೇ ಹಾಕು."

"ಅದನ್ನೇನಾ ಸರ್?"

"ಹೂಂ, ಅದೇ ಥರ. ಯಾಕೆ?"

"ಏನಿಲ್ಲ ಸರ್" ಎಂದು ಹೊರಗೆ ಬಂದಳು. ಸರ್ ಕಡಲೆಬೀಜದ ಸಿಪ್ಪೆ ಊದುತ್ತ ಯಾಕೆ ನಕ್ಕರು? ಇಬ್ಬರೂ ಸೇರಿಕೊಂಡಿದ್ದಾರೆ ಎಂದು ಆಗಲೇ ಅನ್ನಿಸಿಬಿಟ್ಟಿತು.

ಮನೆಯಲ್ಲಿ ಅಮ್ಮ ಚಿಕ್ಕಗಂಗಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಮಗಳು ಹೇಳಿದ್ದರಲ್ಲಿ ಲೇಟೆಕ್ಕು, ಪೈಥಾನು ಅವಳಿಗೆ ತಿಳಿಯಲಿಲ್ಲ, ಎಮ್ಮೆ ಚೆನ್ನಾಗಿ ತಿಳಿಯಿತು. "ನಾನ್ ಏಳ್ನಿಲ್ವಾ? ಆ ಕುಣಿಗಲ್ ಉಡುಗ ಮನೆಗ್ ಬಂದಾಗ್ಲೇ ಅಂದೆ, ಏನ್ ಇಷ್ಟೊಂದು ನಯವಾಗಿ ಮಾತಾಡ್ತಾನೆ ಅಂತ. ಎಲ್ಡ್ ಲೋಟ ಕಾಪಿ ಬೇರೆ ಕುಡ್ದ!"

"ಅಮ್ಮ, ಕಾಫಿಗೂ ಇದಕ್ಕೂ ಏನು?"

"ಇರ್ತದೆ ಬುಡು. ನಿಮ್ ಮಾವನ್ ಕೇಳು, ತೋಟದ್ ತಾವ್ಕೆ ಯಾರಾದ್ರೂ ಬಂದಿದ್ರಾ ಅಂತ."

ಭಾನುವಾರ ಗುಬ್ಬಿ ಬಸ್ಸು ಹತ್ತಿದಳು. ಪುಟ್ಟರಂಗಯ್ಯ ತೋಟದ ಅಂಚಿನಲ್ಲಿ ಗರಿ ಒಟ್ಟುತ್ತಿದ್ದ. ಅಪರಾಧಿ ಎಮ್ಮೆ ಹಲಸಿನ ಮರದ ಕೆಳಗೆ ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಸೆನ್ಸರಿನ ಡಬ್ಬಿಯ ಹತ್ತಿರ ಬೇರೆ ಯಾರಾದರೂ ಬಂದಿದ್ದರೇ ಎಂದು ಕೇಳಿದ್ದಕ್ಕೆ ಅವನು ಟವೆಲಿನಲ್ಲಿ ಮುಖ ಒರೆಸಿಕೊಂಡ.

"ಬಂದಿದ್ನಲ್ಲ, ನಿಮ್ ಜೊತೆ ಓದೋನು. ಕುಣಿಗಲ್ಲಿನೋನು. ನೀನೇ ಕಳ್ಸಿದ್ದು ಅಂದ."

ಹೌದು, ಕಳಿಸಿದ್ದಳು. ಹೋದ ವರ್ಷ ಸೆಪ್ಟೆಂಬರಿನಲ್ಲಿ ಚಿಕೂನ್‌ಗುನ್ಯಾ ಬಂದು ಮಲಗಿದ್ದಾಗ, ಬ್ಯಾಟರಿ ಬದಲಾಯಿಸಿ ಬಾ ಎಂದು ಅವಳೇ ಗೋಗರೆದಿದ್ದಳು. "ಬ್ಯಾಟ್ರಿ ಹಾಕಿ ಹೋದ್ನಾ ಮಾವ?"

"ಎಲ್ ಓದ? ಲ್ಯಾಪ್‌ಟಾಪ್ ತೊಡೆ ಮೇಲ್ ಮಡಿಕ್ಕಂಡು ಆ ಡಬ್ಬಿಗೆ ವೈರ್ ಚುಚ್ಕಂಡು ಬಾಳ ಒತ್ತು ಕುಂತಿದ್ದ ಕಣವ್ವ. ಎಳನೀರ್ ಕೊಟ್ಟೆ. ಒಳ್ಳೆ ಉಡುಗ."

ಬ್ಯಾಟರಿ ಹಾಕಿದ ಮೇಲೆ ಡಬ್ಬಿ ಬರೆದುಕೊಳ್ಳುತ್ತಿದೆಯೇ ಎಂದು ಯಾರಾದರೂ ನೋಡಲೇಬೇಕು, ಅವಳಾಗಿದ್ದರೂ ನೋಡುತ್ತಿದ್ದಳು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ವಾಪಸ್ ಬಸ್ಸಿನಲ್ಲಿ ಮಾವನ ಮಾತಿನಲ್ಲಿ 'ಬಾಳ ಒತ್ತು' ಎಂಬುದೊಂದೇ ಕಿವಿಯಲ್ಲಿ ಗುಯ್‌ಗುಡುತ್ತಿತ್ತು.

ಬುಧವಾರ ಸಂಜೆಯ ಹೊತ್ತಿಗೆ ತಡೆಯಲಾಗಲಿಲ್ಲ. ಹೊಸ ಮೇಲ್ ಐಡಿಯೊಂದನ್ನು ಮಾಡಿ, ವೈವಾಕ್ಕೆ ಹೊರಗಿನಿಂದ ಬರಲಿದ್ದ ಪರೀಕ್ಷಕಿ ಗಂಗಾಂಬಿಕೆ ಮೇಡಂಗೆ ಬರೆದಳು. 'ಎಪ್ಪತ್ತನಾಲ್ಕನೆಯ ಪುಟದ ಗೆರೆ ಅಭ್ಯರ್ಥಿಯದಲ್ಲ. ಆಗಸ್ಟ್ ಕೊನೆಯಲ್ಲಿ ಅದು ಯಾಕೆ ಬಿದ್ದಿದೆ ಎಂದು ಕೇಳಿ. ಇಂಥವರಿಗೆ ಡಾಕ್ಟರೇಟ್ ಕೊಟ್ಟರೆ ನಿಯತ್ತಾಗಿ ದುಡಿದವರ ಗತಿಯೇನು?' ಕೆಳಗೆ 'ಒಬ್ಬ ಹಿತೈಷಿ' ಎಂದು ಹಾಕಿದಳು. ಕಳಿಸಿದ ಮೇಲೆ, ಹಸಿವಿಲ್ಲದಿದ್ದರೂ ಎರಡು ಮುದ್ದೆ ಉಂಡಳು.

ಗುರುವಾರ ಬೆಳಿಗ್ಗೆ ಯಾರೂ ಬರುವ ಮೊದಲೇ ಲ್ಯಾಬಿಗೆ ಹೋದಳು. ಮೇಡಂ ಸಾಕ್ಷಿ ಕೇಳಿದರೆ? ತನ್ನ ಗೆರೆಯನ್ನು ಅದೇ ಅಳತೆಯಲ್ಲಿ ಟ್ರಾನ್ಸ್‌ಪರೆಂಟ್ ಹಾಳೆಯ ಮೇಲೆ ತೆಗೆದು ಅವನ ಪುಟದ ಮೇಲೆ ಇಟ್ಟರೆ ಒಂದು ಕೂದಲು ಆಚೀಚೆಯಾಗದೆ ಕೂತುಕೊಳ್ಳುತ್ತದೆ, ಆಗ ಬಣ್ಣ ಬಯಲು. ಸ್ಕ್ರಿಪ್ಟು ಓಡಿಸಿದಳು. ಎಂದಿನಂತೆ ಪರದೆಯ ಮೇಲೆ ಎರಡು ಸಾಲು ಬಂದವು. ಮೊದಲನೆಯದು, ಗ್ರಾಫು ಇಂಥಲ್ಲಿ ಉಳಿಸಿದೆ. ಎರಡನೆಯದು, ಅಂಕಿಗಳ ಫೈಲು ಇಂಥಲ್ಲಿ ಉಳಿಸಿದೆ. ಈ ಎರಡು ಸಾಲು ನೂರು ಸಲ ಬಂದಿದ್ದವು, ನೂರು ಸಲವೂ ಅವಳು ಓದಿರಲಿಲ್ಲ. ಕೆಲಸವಾಯಿತು ಎಂದಷ್ಟೇ ತಿಳಿದು ಪರದೆಯ ಕಿಟಕಿ ಮುಚ್ಚುತ್ತಿದ್ದಳು. ಇವತ್ತು ಸಾಕ್ಷಿಯ ಹುಚ್ಚಿನಲ್ಲಿ ಓದಿದಳು. ಮೊದಲನೆಯ ಫೋಲ್ಡರಿನ ವಿಳಾಸದಲ್ಲಿ ಅವಳ ಹೆಸರು. ಎರಡನೆಯದರಲ್ಲಿ ಭಾನುವಿನ ಹೆಸರು.

ಸ್ಕ್ರಿಪ್ಟನ್ನು ತೆರೆದಳು. ಅದರಲ್ಲಿ ಎರಡು ಕಡೆ ವಿಳಾಸ ಕೊಡಬೇಕಿತ್ತು. ಈ ವರ್ಷ ಗೌರಿ ಹಬ್ಬದ ಹಿಂದಿನ ದಿನ, ಅಮ್ಮ ಫೋನಿನ ಮೇಲೆ ಫೋನು ಮಾಡುತ್ತಿದ್ದಾಗ, ಭಾನುವಿನ ಸ್ಕ್ರಿಪ್ಟನ್ನು ನಕಲು ಮಾಡಿಕೊಂಡು ಮೇಲಿನ ಒಂದು ವಿಳಾಸವನ್ನು ಬದಲಾಯಿಸಿ ಬಸ್ಸಿಗೆ ಓಡಿದ್ದಳು. ಇನ್ನೊಂದು ತುಂಬ ಕೆಳಗಿತ್ತು. ಅಂಕಿಗಳ ಫೈಲಿಗೆ ಸ್ಕ್ರಿಪ್ಟು ತಾನೇ ಇಡುವ ಹೆಸರು ಇಬ್ಬರಿಗೂ ಒಂದೇ. ಅಂದು ಕುಣಿಗಲ್ಲಿನ ಅಂಕಿಗಳನ್ನು ಒರೆಸಿಹಾಕಿ ಗುಬ್ಬಿಯ ಅಂಕಿಗಳು ಅವನ ಫೋಲ್ಡರಿನಲ್ಲೇ ಹೋಗಿ ಕೂತಿದ್ದವು. ಅವಳ ಥೀಸಿಸ್ಸೂ ಇಷ್ಟು ದಿನ ಅಲ್ಲಿಂದಲೇ ಓದಿಕೊಳ್ಳುತ್ತಿತ್ತು. ಹಬ್ಬ ಮುಗಿಸಿ ಬಂದ ಭಾನು ಕೊನೆಯ ಸಲ ಕಂಪೈಲ್ ಮಾಡಿ ಬೈಂಡಿಂಗಿಗೆ ಕೊಟ್ಟಿದ್ದ. ಎರಡೂ ಕಡೆ ಒಂದೇ ಮೋಡ, ಒಂದೇ ಮಳೆ. ಗೆರೆಗಳು ಅಕ್ಕತಂಗಿಯರ ಹಾಗೆ. ಅವಸರದಲ್ಲಿ ಯಾರಿಗೆ ಗೊತ್ತಾಗಬೇಕು?

ಆದರೂ ಗುಮಾನಿ ಸುಲಭಕ್ಕೆ ಬಿಡುವುದಿಲ್ಲ ನೋಡಿ. ಸೆನ್ಸರಿನಿಂದ ಇಳಿಸಿಕೊಂಡ ಅವನ ಮೂಲ ಫೈಲು ಇದೆಯೋ ಇಲ್ಲವೋ ಎಂದು ಹುಡುಕಿದಳು. ಇತ್ತು. ಜೂನ್‌ನಿಂದ ನವೆಂಬರ್‌ವರೆಗೆ ಒಂದು ಗಂಟೆಯೂ ತಪ್ಪದೆ ಇತ್ತು. ಥೀಸಿಸ್ಸಿನ ಮುಂದಿನ ಪುಟ ತಿರುವಿದಳು. ಆಗಸ್ಟಿನ ಅತಿ ಕಡಿಮೆ ತೇವ ಶೇಕಡ ಹದಿನಾಲ್ಕು ಎಂದು ಅವನು ಬರೆದಿದ್ದ. ಅವನ ಫೈಲಿನಲ್ಲೂ ಹದಿನಾಲ್ಕೇ. ಆ ಪುಟವನ್ನು ಅವಳು ಇದುವರೆಗೆ ಓದಿಯೇ ಇರಲಿಲ್ಲ.

"ಅಯ್ಯೋ ನನ್ನ ಕರ್ಮವೇ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡಳು. ಕಳಿಸಿದ ಮೇಲ್ ವಾಪಸ್ ಬರುವ ಹಾಗಿರಲಿಲ್ಲ.

ಸೆಮಿನಾರ್ ಹಾಲಿಗೆ ಓಡಿದಳು. ಭಾನು ಹೊಸ ಕೋಟಿನಲ್ಲಿ ಬೆವರುತ್ತ ಪ್ರೊಜೆಕ್ಟರಿನ ವೈರು ಸಿಕ್ಕಿಸುತ್ತಿದ್ದ. ಕುಣಿಗಲ್ಲಿನಿಂದ ಬಂದಿದ್ದ ಅವನ ತಂದೆ ಸಿದ್ದಗಂಗಯ್ಯ ಬಿಳಿ ಪಂಚೆಯಲ್ಲಿ ಕೊನೆಯ ಸಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದರು. ತಾಯಿಯ ತೊಡೆಯ ಮೇಲೆ ಸ್ಟೀಲ್ ಡಬ್ಬಿ.

"ಭಾನು, ಒಂದ್ನಿಮಿಷ ಬಾರೋ. ನಿನ್ನ ಗ್ರಾಫು..."

"ಆಮೇಲೆ ಹೇಳೇ, ದಮ್ಮಯ್ಯ! ಈಗ ತಲೇಲಿ ಏನೂ ಇಳಿಯಲ್ಲ" ಎಂದ. ಅಷ್ಟರಲ್ಲಿ ಷಡಕ್ಷರಿ ಸರ್ ಗಂಗಾಂಬಿಕೆ ಮೇಡಂ ಅವರನ್ನು ಕರೆದುಕೊಂಡು ಒಳಗೆ ಬಂದರು. ಎಲ್ಲರೂ ಎದ್ದು ನಿಂತರು. ಮೇಡಂ ಕೈಯಲ್ಲಿ ಮಡಿಸಿದ ಒಂದು ಹಾಳೆಯಿತ್ತು.

ಭಾನು ಚೆನ್ನಾಗಿಯೇ ಮಾತಾಡಿದ. ಸಂಧ್ಯಾಳಿಗೆ ಒಂದಕ್ಷರವೂ ಕೇಳಲಿಲ್ಲ. ಕಣ್ಣೆಲ್ಲ ಆ ಹಾಳೆಯ ಮೇಲಿತ್ತು. ಪ್ರಶ್ನೆಗಳ ಹೊತ್ತು ಬಂದಾಗ ಮೇಡಂ ಕನ್ನಡಕ ಸರಿಮಾಡಿಕೊಂಡು ಥೀಸಿಸ್ಸಿನ ಪುಟ ತೆರೆದರು. ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಮಾತು ಕನ್ನಡಕ್ಕೆ ಇಳಿಯಿತು.

"ಭಾನುಪ್ರಕಾಶ್, ನನಗೊಂದು ಹೆಸರಿಲ್ಲದ ಮೇಲ್ ಬಂದಿದೆ, ಕೆಳಗೆ 'ಒಬ್ಬ ಹಿತೈಷಿ' ಅಂತಿದೆ. ಸಾಮಾನ್ಯವಾಗಿ ಅಂಥದ್ದನ್ನ ನಾನು ಓದಲ್ಲ. ಆದ್ರೆ ಅದು ಹೇಳಿದ ಪುಟ ನೋಡಿದ್ರೆ ನನಗೂ ಅನುಮಾನ ಬಂತು. ಬರವಣಿಗೇಲಿ ಹದಿನಾಲ್ಕು ಅಂತೀರಿ, ಗೆರೆ ಸೊನ್ನೆಗೆ ಬಿದ್ದಿದೆ. ಇದು ನಿಮ್ಮ ಗೆರೆಯಾ?"

ಭಾನು ಪುಟವನ್ನು ನೋಡಿದ. ಗೆರೆಯ ಮೇಲೆ ಬೆರಳಿಟ್ಟು ಆಗಸ್ಟಿನವರೆಗೆ ಹೋದ. "ಅಲ್ಲ ಮೇಡಂ. ಇದು ನಮ್ಮ ಹೊಲದ್ದಲ್ಲ" ಎಂದ.

"ಮತ್ತೆ ಯಾರದ್ದು?"

ಅವನು ತಲೆಯೆತ್ತಿ ನೇರವಾಗಿ ಸಂಧ್ಯಾಳನ್ನು ನೋಡಿದ. ಆ ಎಮ್ಮೆಯ ಕಥೆಗೆ ಎಲ್ಲರಿಗಿಂತ ಜೋರಾಗಿ ನಕ್ಕವನಿಗೆ ಆ ಗೆರೆ ಗುರುತಾಗದೆ ಇದ್ದೀತೆ? ಅವಳ ಹೆಸರೊಂದನ್ನು ಹೇಳಿದರೆ ಅವನ ತಲೆಯ ಭಾರ ಅರ್ಧ ಇಳಿಯುತ್ತಿತ್ತು. ಮುಂದಿನ ತಿಂಗಳು ಅವಳ ಥೀಸಿಸ್ಸಿನ ಮೇಲೂ ಎಲ್ಲರ ಕಣ್ಣು ಬೀಳುತ್ತಿತ್ತು.

"ಗೊತ್ತಾಗ್ತಿಲ್ಲ ಮೇಡಂ" ಎಂದ ಭಾನು.

ಷಡಕ್ಷರಿ ಸರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಏನಯ್ಯಾ, ಗೊತ್ತಾಗ್ತಿಲ್ಲ ಅಂದ್ರೆ?" ಕೊನೆಯ ಸಾಲಿನಲ್ಲಿ ಸಿದ್ದಗಂಗಯ್ಯ ಏನು ನಡೆಯುತ್ತಿದೆಯೆಂದು ತಿಳಿಯದೆ, ಆದರೆ ಏನೋ ಕೆಟ್ಟದ್ದು ಎಂದು ತಿಳಿದು, ಅರ್ಧ ಎದ್ದು ನಿಂತಿದ್ದರು.

ಸಂಧ್ಯಾ ಎದ್ದಳು. "ಅದು ನಂದು ಮೇಡಂ. ಆ ಬಿದ್ದಿರೋ ಜಾಗ... ಅದು ನಮ್ಮ ಮಾವನ ಎಮ್ಮೆ."

ಹಾಲಿನಲ್ಲಿ ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು: ಎಮ್ಮೆಯ ಕಾಲು, ನಕಲು ಮಾಡಿದ ಸ್ಕ್ರಿಪ್ಟು, ಬದಲಾಯಿಸದೆ ಬಿಟ್ಟ ವಿಳಾಸ, ಇವತ್ತು ಬೆಳಿಗ್ಗೆಯೂ ತಾನು ಅದೇ ಫೈಲನ್ನು ಮತ್ತೆ ಒರೆಸಿದ್ದು. ಎಲ್ಲವನ್ನೂ, ಮೇಲ್ ಒಂದನ್ನು ಬಿಟ್ಟು.

"ಮೂಲ ಅಂಕಿ ಇದೆಯೇನಪ್ಪ? ನನ್ನ ಮುಂದೆ ಎಳೀರಿ" ಎಂದರು ಮೇಡಂ. ಭಾನು ಲ್ಯಾಪ್‌ಟಾಪನ್ನು ಲ್ಯಾಬಿನ ಕಂಪ್ಯೂಟರಿಗೆ ಸೇರಿಸಿ, ಫೈಲಿನ ಹೆಸರಿನ ಮುಂದೆ 'ಕುಣಿಗಲ್' ಎಂದು ಸೇರಿಸಿ, ಸ್ಕ್ರಿಪ್ಟು ಓಡಿಸಿ, ಕಂಪೈಲ್ ಮಾಡಿದ. ಬೆರಳು ಎರಡು ಸಲ ತಪ್ಪಿತು. ಪರದೆಯ ಮೇಲೆ ಹೊಸ ಗೆರೆ ಬಂತು. ಅದೇ ಏರು, ಅದೇ ಇಳಿತ, ಆಗಸ್ಟಿನಲ್ಲಿ ಹದಿನಾಲ್ಕಕ್ಕೆ ಇಳಿದು ಮತ್ತೆ ಮೇಲೆ. ಎಲ್ಲೂ ಎಡವಿರಲಿಲ್ಲ.

ಮೇಡಂ ಪೆನ್ನಿನ ತುದಿಯಲ್ಲಿ ಆಗಸ್ಟನ್ನು ಅಳೆದು ನೋಡಿದರು. "ಎಲ್ಲಾ ಪ್ರತಿಗಳಲ್ಲೂ ಆ ಪುಟ ಬದಲಾಯಿಸಿ ಕಳಿಸಿ. ಬೇರೆ ಪ್ರಶ್ನೆ ಇಲ್ಲ" ಎಂದು, ಕೈಯಲ್ಲಿದ್ದ ಹಾಳೆಯನ್ನು ನಾಲ್ಕಾಗಿ ಹರಿದು ಬ್ಯಾಗಿನೊಳಗೆ ಹಾಕಿಕೊಂಡರು. ಚಪ್ಪಾಳೆ ಬಿತ್ತು. ಸಿದ್ದಗಂಗಯ್ಯ ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಕೂತರು.

ಹೊರಗಿನ ವರಾಂಡದಲ್ಲಿ ಸಮೋಸ, ಬಾದಾಮಿ ಹಾಲು. ಭಾನುವಿನ ತಾಯಿ ಸ್ಟೀಲ್ ಡಬ್ಬಿಯಿಂದ ಮೈಸೂರುಪಾಕು ಹಂಚುತ್ತ ಸಂಧ್ಯಾಳ ಹತ್ತಿರ ಬಂದು, ಅವಳ ಅಂಗೈಗೆ ಎರಡು ತುಂಡು ಇಟ್ಟರು. "ನೀನ್ ಎದ್ದು ಏಳ್ದೆ ಓಗಿದ್ರೆ ನಮ್ಮುಡುಗನ್ ಗತಿ ಏನಾಗದವ್ವ! ಇಂಗೆ ಒಬ್ರುಗೊಬ್ರು ಇರ್ಬೇಕು."

ಭಾನು ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಬಂದು ನಿಂತ. ಅವನ ಬೆರಳಿಗೂ ತುಪ್ಪ ಮೆತ್ತಿತ್ತು. "ಏನ್ ಎಮ್ಮೆನೇ ನಿಂದು, ನನ್ನ ಥೀಸಿಸ್ಸನ್ನೇ ತುಳೀತಲ್ಲೇ!" ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. "ಫೈಲು ತಪ್ಪಿದ್ದು ಹೋಗ್ಲಿ ಬಿಡು, ಯಾರಿಗಾದ್ರೂ ಆಗುತ್ತೆ. ಆದ್ರೆ ಮೇಲ್ ಹಾಕಿದಾನಲ್ಲ ಒಬ್ಬ, ಹಿತೈಷಿ ಅಂತೆ, ಅವನನ್ನ ಮಾತ್ರ ಸಾಯೋವರೆಗೂ ಮರೆಯಲ್ಲ ಕಣೇ. ನಮ್ಮಪ್ಪ ಕೂತಿದ್ದ ಹಾಲಲ್ಲಿ! ಯಾರು ಅಂತ ನಂಗೊತ್ತು. ಆ ಏಸಿ ಜಗಳದಿಂದ ನನ್ ಮೇಲೆ ಹಲ್ಲು ಮಸೀತಿದಾನೆ."

ಅಷ್ಟರಲ್ಲಿ ಚನ್ನೇಶ ಸಮೋಸದ ತಟ್ಟೆ ಹಿಡಿದುಕೊಂಡು ಬಂದ. "ತಗೊಳ್ಳಿ ಡಾಕ್ಟರ್ ಸಾಹೇಬ್ರೇ, ಬಿಸಿ ಇದೆ" ಎಂದ. ಭಾನು ಅವನಿಗೆ ಬೆನ್ನು ಮಾಡಿ ನಿಂತುಕೊಂಡ. ಚನ್ನೇಶನ ನಗು ಅರ್ಧಕ್ಕೆ ನಿಂತಿತು. ತಟ್ಟೆಯನ್ನು ಹಿಂದೆ ತೆಗೆದುಕೊಳ್ಳಬೇಕೋ ಬೇಡವೋ ತಿಳಿಯದೆ ಹಾಗೇ ಹಿಡಿದು ನಿಂತ.

ಸಂಧ್ಯಾಳಿಗೆ ಅಳು ಬಂತು. ಇಷ್ಟು ದಿನ ತಾನು ಭಾನುವನ್ನು ಹೇಗೆ ನೋಡಿದ್ದಳೋ, ಇನ್ನು ಮೇಲೆ ಭಾನು ಚನ್ನೇಶನನ್ನು ಹಾಗೆ ನೋಡುತ್ತಾನೆ. ಸುಮ್ಮನಿದ್ದರೆ ಸಾಕು, ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಮೈಸೂರುಪಾಕನ್ನು ಎಡಗೈಗೆ ಬದಲಾಯಿಸಿಕೊಂಡು ಬಲಗೈಯಿಂದ ಫೋನು ತೆಗೆದಳು. ಬುಧವಾರ ಮಾಡಿದ್ದ ಐಡಿಯಲ್ಲಿ ಕಳಿಸಿದ ಮೇಲ್ ಒಂದೇ ಇತ್ತು.

"ಚನ್ನೇಶ ಅಲ್ಲ ಕಣೋ" ಎಂದು ಫೋನನ್ನು ಭಾನುವಿನ ಕೈಗೆ ಕೊಟ್ಟಳು.

ಭಾನು ಓದಿದ. ಹೆಬ್ಬೆರಳು ಪರದೆಯ ಮೇಲೆ ಜಾರುತ್ತ ಕೊನೆಯವರೆಗೆ ಹೋಯಿತು, ಮತ್ತೆ ಮೇಲಕ್ಕೆ ಬಂತು, ಅವನು ಮೊದಲಿನಿಂದ ಓದತೊಡಗಿದ. ಗಾಜಿನ ಮೇಲೆ ತುಪ್ಪದ ಗೆರೆ ಎದ್ದಿತು. "ತಿನ್ನವ್ವ, ಕೈಯಾಗೇ ಮಡಿಕ್ಕಂಡಿದ್ರೆ ಪುಡಿಯಾಯ್ತದೆ" ಎಂದರು ಅವನ ತಾಯಿ. ಸಂಧ್ಯಾ ತಿನ್ನಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು. ಭಾನು ಅವಳ ಕಡೆ ತಿರುಗಲಿಲ್ಲ. ಫೋನಿನಿಂದ ಕಣ್ಣು ತೆಗೆಯದೆ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಚನ್ನೇಶನ ತಟ್ಟೆಯಿಂದ ಒಂದು ಸಮೋಸ ತೆಗೆದುಕೊಂಡ.